ಉಳಿದದ್ದು ಕಾಲು ಮೀಟರೋ, ಮೂರನೇ ಒಂದು ಮೀಟರೋ?
ಭಿನ್ನರಾಶಿ ಭಾಗಾಕಾರದ ವಾಕ್ಯರೂಪದ ಲೆಕ್ಕಗಳನ್ನು ಕಲಿಸುವ ಬಗ್ಗೆ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನು ವೀಕ್ಷಿಸಿದ ಒಂದು ಗಣಿತ ಪಾಠದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಪಾಠ ಮಾಡಿದ ಪ್ರಶಿಕ್ಷಣಾರ್ಥಿಯ ಒಪ್ಪಿಗೆ ಪಡೆದಿದ್ದೇನೆ. ಅಂದು ಆದ ತಪ್ಪಿನಲ್ಲಿ ಅವರ ಪಾಲಿಗಿಂತ ನನ್ನ ಪಾಲೇ ದೊಡ್ಡದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ತರಗತಿಯಲ್ಲಿ ನಡೆದದ್ದು

ಏಳನೇ ತರಗತಿ. ಭಿನ್ನರಾಶಿಗಳ ಭಾಗಾಕಾರದ ಮೂರನೇ ಪಾಠ. ಹಿಂದಿನ ಎರಡು ಪಾಠಗಳಲ್ಲಿ ಮಕ್ಕಳು ವ್ಯುತ್ಕ್ರಮ ಬರೆಯುವುದನ್ನೂ ‘ಭಾಜಕವನ್ನು ತಿರುಗಿಸಿ ಗುಣಿಸು’ ಎಂಬ ನಿಯಮವನ್ನೂ ಕಲಿತಿದ್ದರು. ಅಂದಿನ ಕಲಿಕಾಂಶ ದೈನಂದಿನ ಜೀವನದ ಲೆಕ್ಕಗಳು. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಹೀಗೆ ಬರೆದರು:

‘ಒಬ್ಬ ಟೈಲರ್ ಬಳಿ 5½ ಮೀಟರ್ ಬಟ್ಟೆ ಇದೆ. ಒಂದು ರವಿಕೆಗೆ ¾ ಮೀಟರ್ ಬಟ್ಟೆ ಬೇಕು. ಆ ಬಟ್ಟೆಯಲ್ಲಿ ಎಷ್ಟು ರವಿಕೆ ಹೊಲಿಯಬಹುದು?’

ಲೆಕ್ಕ ಸರಾಗವಾಗಿ ಸಾಗಿತು. 5½ ಅನ್ನು ವಿಷಮ ಭಿನ್ನರಾಶಿಯಾಗಿ 11/2 ಎಂದು ಬರೆದರು. 11/2 ÷ 3/4 = 11/2 × 4/3 = 44/6 = 22/3 = 7⅓. ‘ಏಳು ರವಿಕೆ’ ಎಂದು ಮಕ್ಕಳು ಒಟ್ಟಾಗಿ ಹೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣಾ ಪುಸ್ತಕದಲ್ಲಿ ‘ವಿಷಯ ಪ್ರಭುತ್ವ ಉತ್ತಮ, ಹಂತಗಳು ಸ್ಪಷ್ಟ’ ಎಂದು ಬರೆದೆ.

ಪ್ರಶಿಕ್ಷಣಾರ್ಥಿ ಅಲ್ಲಿಗೆ ನಿಲ್ಲಿಸದೆ ಒಂದು ಒಳ್ಳೆಯ ಪ್ರಶ್ನೆ ಕೇಳಿದರು: ‘ಏಳು ರವಿಕೆ ಹೊಲಿದ ಮೇಲೆ ಎಷ್ಟು ಬಟ್ಟೆ ಉಳಿಯುತ್ತದೆ?’ ಒಬ್ಬ ಹುಡುಗ ‘ಒಂದು ಮೀಟರ್’ ಎಂದ. 22ನ್ನು 3ರಿಂದ ಭಾಗಿಸಿದಾಗ ಶೇಷ 1 ಬಂದದ್ದನ್ನು ಅವನು ನೋಡಿದ್ದ. ಪ್ರಶಿಕ್ಷಣಾರ್ಥಿ ಅವನನ್ನು ತಿದ್ದಿ, ಉತ್ತರದಲ್ಲಿದ್ದ ⅓ ಅನ್ನು ತೋರಿಸಿ, ‘ಮೂರನೇ ಒಂದು ಮೀಟರ್ ಉಳಿಯುತ್ತದೆ’ ಎಂದು ಹಲಗೆಯ ಮೇಲೆ ಬರೆದರು.

ಆಗ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಮಿಸ್, ಕಾಲು ಮೀಟರ್ ಅಲ್ವಾ ಉಳಿಯೋದು? ನಾಲ್ಕು ಮುಕ್ಕಾಲು ಅಂದ್ರೆ ಮೂರು. ಇನ್ನು ಮೂರು ಮುಕ್ಕಾಲು ಅಂದ್ರೆ ಎರಡೂಕಾಲು. ಎರಡೂ ಸೇರಿ ಐದೂಕಾಲು ಆಯ್ತು. ಐದೂವರೆಯಲ್ಲಿ ಐದೂಕಾಲು ಹೋದ್ರೆ ಕಾಲು.’ ಅವಳ ತಾಯಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆಂದು ಆಮೇಲೆ ತಿಳಿಯಿತು.

ಪ್ರಶಿಕ್ಷಣಾರ್ಥಿ ಗೊಂದಲಗೊಂಡು ನನ್ನ ಕಡೆ ನೋಡಿದರು. ಹಲಗೆಯ ಮೇಲೆ 7⅓ ಎಂದಿತ್ತು, ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ನಾನು ಹಲಗೆಯ ಕಡೆ ಕೈ ತೋರಿಸಿ ‘ಸರಿಯಿದೆ, ಮುಂದುವರಿಸಿ’ ಎಂಬಂತೆ ತಲೆಯಾಡಿಸಿದೆ. ಅವರು ಹುಡುಗಿಗೆ ‘ಲೆಕ್ಕದಲ್ಲಿ ಮೂರನೇ ಒಂದು ಅಂತಲೇ ಬರುತ್ತೆ, ಕೂತ್ಕೊಮ್ಮ’ ಎಂದರು. ಅವಳು ಕುಳಿತಳು. ಪಾಠ ಮುಗಿಯುವವರೆಗೆ ಮತ್ತೆ ಕೈ ಎತ್ತಲಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ಕುಳಿತು ಅವಳ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ನೋಡಿದೆ. ಅವಳು ಹೇಳಿದ್ದೇ ಸರಿ. ಸರಿಯಾಗಿ ಯೋಚಿಸಿದ್ದ ಮಗುವಿಗೆ ನಾವಿಬ್ಬರು ಸೇರಿ ತಪ್ಪೆಂದು ಹೇಳಿ ಕೂರಿಸಿದ್ದೆವು. ಅದೂ ‘ಲೆಕ್ಕದಲ್ಲಿ ಹಾಗೇ ಬರುತ್ತೆ’ ಎಂಬ ಕಾರಣ ಕೊಟ್ಟು.

7⅓ ರಲ್ಲಿರುವ ⅓ ಯಾವುದರ ಮೂರನೇ ಒಂದು?

ತಪ್ಪು ಎಲ್ಲಾಯಿತು? ಭಾಗಾಕಾರದಲ್ಲಿ ಅಲ್ಲ. 5½ ÷ ¾ = 7⅓ ಎಂಬುದು ನಿಜ. ಆದರೆ ಆ 7⅓ ಮೀಟರ್ ಅಲ್ಲ, ರವಿಕೆ. ನಾವು ಕೇಳಿದ್ದು ‘5½ ಮೀಟರಿನಲ್ಲಿ ¾ ಮೀಟರ್ ಎಷ್ಟು ಸಲ ಇದೆ?’ ಎಂದು. ಏಳು ಸಲ ಪೂರ್ತಿಯಾಗಿ, ಇನ್ನೊಂದು ಸಲದ ಮೂರನೇ ಒಂದರಷ್ಟು ಇದೆ ಎಂಬುದು ಉತ್ತರ. ಹಾಗಾಗಿ ⅓ ಎಂದರೆ ಒಂದು ರವಿಕೆಗೆ ಬೇಕಾದ ಬಟ್ಟೆಯ ಮೂರನೇ ಒಂದು. ¾ ಮೀಟರಿನ ಮೂರನೇ ಒಂದು ಎಂದರೆ ¼ ಮೀಟರ್, ಅಂದರೆ 25 ಸೆಂಟಿಮೀಟರ್. ಹುಡುಗಿಯ ಕಾಲು ಮೀಟರೂ ಹಲಗೆಯ ಮೇಲಿನ ಮೂರನೇ ಒಂದೂ ಒಂದೇ ತುಂಡು ಬಟ್ಟೆಯ ಎರಡು ಹೆಸರುಗಳು. ಒಂದನ್ನು ಅಳೆದದ್ದು ಮೀಟರಿನಲ್ಲಿ, ಇನ್ನೊಂದನ್ನು ಅಳೆದದ್ದು ರವಿಕೆಯಲ್ಲಿ.

‘ಒಂದು ಮೀಟರ್’ ಎಂದ ಹುಡುಗನನ್ನೂ ಇಲ್ಲಿ ನೆನೆಯಬೇಕು. ಅವನ 1 ಬಂದದ್ದು ಶೇಷದಿಂದ. 5½ ಮೀಟರ್ ಎಂದರೆ 22 ಕಾಲು ಮೀಟರುಗಳು. ¾ ಮೀಟರ್ ಎಂದರೆ 3 ಕಾಲು ಮೀಟರುಗಳು. 22 ಕಾಲುಗಳಲ್ಲಿ ಮೂರು ಮೂರು ತೆಗೆಯುತ್ತ ಹೋದರೆ ಏಳು ಸಲ ತೆಗೆಯಬಹುದು, 1 ಕಾಲು ಉಳಿಯುತ್ತದೆ. ಅವನ ಸಂಖ್ಯೆ ಸರಿ, ಏಕಮಾನ ಮಾತ್ರ ತಪ್ಪು. ಶೇಷ 1 ಎಂದರೆ ಒಂದು ಮೀಟರ್ ಅಲ್ಲ, ಒಂದು ಕಾಲು ಮೀಟರ್.

ಹೀಗೆ ಒಂದೇ ತರಗತಿಯಲ್ಲಿ ಉಳಿಕೆಗೆ ಮೂರು ಉತ್ತರಗಳು ಬಂದವು: 1, ⅓, ¼. ಮೂರಕ್ಕೂ ಆಧಾರವಿತ್ತು. 1 ಕಾಲು ಮೀಟರ್, ⅓ ರವಿಕೆಯ ಬಟ್ಟೆ, ¼ ಮೀಟರ್ ಎಲ್ಲವೂ ಒಂದೇ. ‘ಯಾವುದರ?’ ಎಂದು ಒಂದು ಮಾತು ಕೇಳಿದ್ದರೆ ಮೂವರ ಉತ್ತರವೂ ಒಂದೇ ಕಡೆ ಬಂದು ಸೇರುತ್ತಿತ್ತು.

ಭಾಗಿಸು ಎಂದರೆ ಯಾವ ಪ್ರಶ್ನೆ?

ಪೂರ್ಣ ಸಂಖ್ಯೆಗಳ ಭಾಗಾಕಾರವನ್ನು ನಾವು ಸಾಮಾನ್ಯವಾಗಿ ಹಂಚುವುದರಿಂದ ಆರಂಭಿಸುತ್ತೇವೆ. 12 ಲಾಡು, 4 ಮಕ್ಕಳು, ತಲಾ 3. ಈ ಚಿತ್ರ ಭಿನ್ನರಾಶಿಗೆ ಬಂದಾಗ ಕೈಕೊಡುತ್ತದೆ. ಮುಕ್ಕಾಲು ಮಗುವಿಗೆ ಲಾಡು ಹಂಚುವುದು ಹೇಗೆ? ಆದ್ದರಿಂದ ಭಾಗಾಕಾರದಲ್ಲಿ ಎರಡು ಬಗೆಯ ಪ್ರಶ್ನೆಗಳಿವೆ ಎಂಬುದು ಪ್ರಶಿಕ್ಷಣಾರ್ಥಿಗೆ ಮೊದಲೇ ಸ್ಪಷ್ಟವಿರಬೇಕು.

ಮೊದಲನೆಯದು ‘ಎಷ್ಟು ಸಲ?’ ಎಂಬ ಪ್ರಶ್ನೆ. ರವಿಕೆಯ ಲೆಕ್ಕ ಈ ಬಗೆಯದು. ಇಲ್ಲಿ ಭಾಜ್ಯ, ಭಾಜಕ ಎರಡೂ ಒಂದೇ ಏಕಮಾನದಲ್ಲಿರುತ್ತವೆ (ಮೀಟರ್, ಮೀಟರ್). ಭಾಗಲಬ್ಧ ಬೇರೆಯದೇ ಆಗಿರುತ್ತದೆ (ರವಿಕೆ).

ಎರಡನೆಯದು ‘ಒಂದಕ್ಕೆ ಎಷ್ಟು?’ ಎಂಬ ಪ್ರಶ್ನೆ. ‘¾ ಕೆ.ಜಿ. ಬೆಲ್ಲಕ್ಕೆ 45 ರೂಪಾಯಿ. ಒಂದು ಕೆ.ಜಿ.ಗೆ ಎಷ್ಟು?’ ಇದೂ 45 ÷ ¾ ಎಂಬ ಭಾಗಾಕಾರವೇ. ಆದರೆ ಇಲ್ಲಿ ‘45ರಲ್ಲಿ ¾ ಎಷ್ಟು ಸಲ ಇದೆ’ ಎಂದು ಕೇಳಿದರೆ ಅರ್ಥವಾಗುವುದಿಲ್ಲ. ರೂಪಾಯಿಯಲ್ಲಿ ಕೆ.ಜಿ.ಯನ್ನು ಎಣಿಸಲಾಗದು. ಅಂಗಡಿಗೆ ಹೋಗಿ ಬಂದ ಮಗು ಇದನ್ನು ಬೇರೆ ದಾರಿಯಲ್ಲಿ ಮಾಡುತ್ತದೆ: ಮುಕ್ಕಾಲು ಎಂದರೆ ಮೂರು ಕಾಲು, ಮೂರು ಕಾಲಿಗೆ 45 ಆದರೆ ಒಂದು ಕಾಲಿಗೆ 15, ನಾಲ್ಕು ಕಾಲಿಗೆ 60.

ವಾಕ್ಯರೂಪದ ಲೆಕ್ಕ ಓದಿದ ಕೂಡಲೇ ಇದು ಯಾವ ಪ್ರಶ್ನೆ ಎಂದು ಮಕ್ಕಳಿಂದ ಹೇಳಿಸುವುದು ಒಳ್ಳೆಯದು. ‘ಗುಣಿಸಬೇಕೋ ಭಾಗಿಸಬೇಕೋ ಸರ್?’ ಎಂಬ ಎಂದಿನ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಸಿಗುತ್ತದೆ.

ಇಲ್ಲಿ ನಮ್ಮ ಭಾಷೆಯ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು ನಮಗೆ ನೆರವಾಗುವಂಥದ್ದು. ಒಂದೂಕಾಲು, ಎರಡೂವರೆ, ಐದೂಮುಕ್ಕಾಲು ಎಂಬ ಹೆಸರುಗಳೇ ಮಿಶ್ರ ಭಿನ್ನರಾಶಿ ಎಂದರೆ ಕೂಡಿಕೆ ಎಂದು ಹೇಳುತ್ತವೆ: ಐದೂ ಅರೆಯೂ ಸೇರಿ ಐದೂವರೆ. ತರಗತಿಯಲ್ಲಿ ‘ಐದು ಪೂರ್ಣಾಂಕ ಎರಡನೇ ಒಂದು’ ಎಂದಷ್ಟೇ ಓದಿಸಿದರೆ ಈ ನೆರವು ತಪ್ಪಿಹೋಗುತ್ತದೆ. ಹಿಂದಿನವರು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಆ ಹುಡುಗಿಯ ‘ನಾಲ್ಕು ಮುಕ್ಕಾಲು ಮೂರು’ ಎಂಬ ಮಾತು ಅದೇ ಜಾಡಿನದು. ಶಾಲೆಯಲ್ಲಿ ನಾವು ಕಲಿಸದಿದ್ದರೂ ಹೊಲಿಗೆ ಯಂತ್ರದ ಪಕ್ಕ ಕುಳಿತು ಅವಳು ಕಲಿತಿದ್ದಳು.

ಇನ್ನೊಂದು ನಮ್ಮನ್ನು ಎಡವಿಸುವಂಥದ್ದು. ‘6ನ್ನು ಅರ್ಧ ಮಾಡು’ ಎಂದರೆ 3. ‘6ನ್ನು ½ ರಿಂದ ಭಾಗಿಸು’ ಎಂದರೆ 12. ಕಿವಿಗೆ ಎರಡೂ ಹತ್ತಿರ ಹತ್ತಿರ ಕೇಳಿಸುತ್ತವೆ. ‘ಅರ್ಧ ಭಾಗ ಮಾಡು’ ಎಂದು ಅವಸರದಲ್ಲಿ ಹೇಳಿದರೆ ಮಗು ಎರಡರಿಂದ ಭಾಗಿಸುತ್ತದೆ, ಅದು ಮಗುವಿನ ತಪ್ಪಲ್ಲ. ‘ಆರರಲ್ಲಿ ಅರ್ಧಗಳು ಎಷ್ಟಿವೆ?’ ಎಂದು ಕೇಳಿದರೆ ಈ ಗೊಂದಲವಿಲ್ಲ.

ತಿರುಗಿಸಿ ಗುಣಿಸುವುದು ಏಕೆ?

ನಿಯಮವನ್ನು ಹೇಳಿಕೊಟ್ಟು ಅಭ್ಯಾಸ ಮಾಡಿಸುವುದು ಸುಲಭ. ಏಕೆ ಎಂದು ಮಗು ಕೇಳಿದಾಗ ಕೊಡಲು ಕನಿಷ್ಠ ಒಂದು ಉತ್ತರವಾದರೂ ನಮ್ಮಲ್ಲಿರಬೇಕು. ಮೇಲಿನ ಎರಡು ಪ್ರಶ್ನೆಗಳೇ ಎರಡು ಉತ್ತರಗಳನ್ನು ಕೊಡುತ್ತವೆ.

ಬೆಲ್ಲದ ಲೆಕ್ಕವನ್ನು ಮತ್ತೆ ನೋಡೋಣ. 45ನ್ನು ಮೊದಲು 3ರಿಂದ ಭಾಗಿಸಿದೆವು, ಆಮೇಲೆ 4ರಿಂದ ಗುಣಿಸಿದೆವು. 3ರಿಂದ ಭಾಗಿಸಿ 4ರಿಂದ ಗುಣಿಸುವುದು ಎಂದರೆ 4/3 ರಿಂದ ಗುಣಿಸುವುದು. ¾ ತಿರುಗಿ 4/3 ಆದದ್ದು ಹೀಗೆ. ಮಗುವಿನ ಅಂಗಡಿ ಲೆಕ್ಕದಲ್ಲೇ ನಿಯಮ ಅಡಗಿದೆ.

ರವಿಕೆಯ ಲೆಕ್ಕದಲ್ಲಿ ಹೀಗೆ ಕೇಳಬಹುದು: ಒಂದೇ ಒಂದು ಮೀಟರ್ ಬಟ್ಟೆಯಲ್ಲಿ ಎಷ್ಟು ರವಿಕೆ? ಒಂದು ಮೀಟರ್ ಎಂದರೆ ನಾಲ್ಕು ಕಾಲು. ಮೂರು ಕಾಲಿಗೆ ಒಂದು ರವಿಕೆ ಆಯಿತು, ಉಳಿದ ಒಂದು ಕಾಲು ಇನ್ನೊಂದು ರವಿಕೆಯ ಮೂರನೇ ಒಂದು. ಒಟ್ಟು 1⅓, ಅಂದರೆ 4/3 ರವಿಕೆ. ಒಂದು ಮೀಟರಿಗೆ 4/3 ಆದರೆ 5½ ಮೀಟರಿಗೆ 5½ × 4/3. ವ್ಯುತ್ಕ್ರಮ ಎಂದರೆ ‘ಒಂದರಲ್ಲಿ ಎಷ್ಟಿದೆ’ ಎಂಬುದರ ಉತ್ತರ.

ಇವೆರಡರ ಜೊತೆ ಮೂರನೆಯ ದಾರಿಯೂ ಇದೆ. ಛೇದಗಳನ್ನು ಸಮ ಮಾಡಿಕೊಂಡು ಅಂಶಗಳನ್ನು ಮಾತ್ರ ಭಾಗಿಸುವುದು: 22/4 ÷ 3/4 = 22 ÷ 3. ಎರಡೂ ಕಾಲುಗಳೇ ಆದಮೇಲೆ ಲೆಕ್ಕ ಪೂರ್ಣ ಸಂಖ್ಯೆಯ ಭಾಗಾಕಾರವಾಯಿತು. ಉಳಿಕೆ ಕೇಳುವ ಲೆಕ್ಕಗಳಿಗೆ ಇದು ಬಹಳ ಒಳ್ಳೆಯ ದಾರಿ. 22ರಲ್ಲಿ 3 ಏಳು ಸಲ, ಶೇಷ 1. ಆ 1 ಎಂದರೆ ಒಂದು ಕಾಲು ಎಂಬುದು ಛೇದದಲ್ಲೇ ಕಾಣುತ್ತದೆ. ತಿರುಗಿಸಿ ಗುಣಿಸುವಾಗ ಈ ಛೇದ ಕಣ್ಮರೆಯಾಗುತ್ತದೆ. ನಾವು ಎಡವಿದ್ದು ಅಲ್ಲಿಯೇ.

ಇದು ಹೊಸ ವಿಧಾನವೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರಲ್ಲಿ ಭಿನ್ನರಾಶಿಗಳಿಗೆಂದೇ ‘ಕಲಾಸವರ್ಣ’ ಎಂಬ ಅಧ್ಯಾಯವಿದೆ. ಭಾಗಾಕಾರಕ್ಕೆ ಅವರು ಎರಡು ದಾರಿ ಹೇಳುತ್ತಾರೆ. ಭಾಜಕದ ಅಂಶ, ಛೇದಗಳನ್ನು ಅದಲು ಬದಲು ಮಾಡಿ ಗುಣಾಕಾರದಂತೆ ಮಾಡುವುದು ಒಂದು. ಭಾಜ್ಯ, ಭಾಜಕಗಳನ್ನು ಒಂದರ ಛೇದದಿಂದ ಇನ್ನೊಂದನ್ನು ಗುಣಿಸಿ, ಛೇದಗಳನ್ನು ಕಳೆದು, ಪೂರ್ಣ ಸಂಖ್ಯೆಗಳಂತೆ ಭಾಗಿಸುವುದು ಇನ್ನೊಂದು. ನಮ್ಮ ಲೆಕ್ಕಕ್ಕೆ ಎರಡನೆಯದನ್ನು ಹಚ್ಚಿದರೆ 11 × 4 = 44, 3 × 2 = 6; ಆಮೇಲೆ 44 ÷ 6. ಹಲಗೆಯ ಮೇಲೆ 44/6 ಎಂದು ಬಂದದ್ದೂ ಇದೇ. ಮೊದಲನೆಯ ದಾರಿ ನಮ್ಮ ತರಗತಿಗಳಲ್ಲಿ ಉಳಿದುಕೊಂಡಿದೆ. ಎರಡನೆಯದನ್ನು ನಾವು ಕಲಿಸುವುದು ಅಪರೂಪ.

44 ÷ 6 ರಲ್ಲಿ ಶೇಷ 2 ಬರುತ್ತದೆ, 22 ÷ 3 ರಲ್ಲಿ 1. ‘ಹಾಗಾದರೆ ಉಳಿದ ಬಟ್ಟೆ ಎರಡು ಬಗೆಯೇ?’ ಎಂದು ಮಕ್ಕಳನ್ನು ಕೇಳಿ ನೋಡಿ. 44 ಮತ್ತು 6 ಎಂಟನೇ ಭಾಗಗಳ ಎಣಿಕೆ (44/8, 6/8). ಎರಡು ಎಂಟನೇ ಭಾಗ ಎಂದರೂ ಒಂದು ಕಾಲೇ. ಸಮಾನ ಭಿನ್ನರಾಶಿಯ ಪಾಠ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಒಂದೇ ಭಾಗಾಕಾರ, ನಾಲ್ಕು ಉತ್ತರಗಳು

ಮರುದಿನ ನಾನೂ ಪ್ರಶಿಕ್ಷಣಾರ್ಥಿಯೂ ಕುಳಿತು ಪಾಠಯೋಜನೆಯನ್ನು ಮತ್ತೆ ಬರೆದೆವು. ಸಂಖ್ಯೆಗಳನ್ನು ಬದಲಿಸಲಿಲ್ಲ. 5½ ಮತ್ತು ¾ ಅನ್ನೇ ಇಟ್ಟುಕೊಂಡು ಸಂದರ್ಭವನ್ನು ಮಾತ್ರ ಬದಲಿಸಿದೆವು.

1. 5½ ಮೀಟರ್ ಬಟ್ಟೆ, ರವಿಕೆಗೆ ¾ ಮೀಟರ್. ಎಷ್ಟು ರವಿಕೆ ಆಗುತ್ತದೆ? ಉತ್ತರ: 7. ಮೂರನೇ ಒಂದು ರವಿಕೆಯನ್ನು ಯಾರೂ ತೊಡಲಾರರು. ಭಿನ್ನಭಾಗವನ್ನು ಬಿಡಬೇಕು.

2. 5½ ಲೀಟರ್ ಕೊಬ್ಬರಿ ಎಣ್ಣೆಯನ್ನು ¾ ಲೀಟರ್ ಹಿಡಿಯುವ ಬಾಟಲಿಗಳಲ್ಲಿ ತುಂಬಬೇಕು. ಎಷ್ಟು ಬಾಟಲಿ ಬೇಕು? ಉತ್ತರ: 8. ಉಳಿದ ಕಾಲು ಲೀಟರಿಗೂ ಒಂದು ಬಾಟಲಿ ಬೇಕಲ್ಲ. ಮುಂದಿನ ಪೂರ್ಣ ಸಂಖ್ಯೆಗೆ ಏರಿಸಬೇಕು.

3. ಒಂದು ಟ್ರ್ಯಾಕ್ಟರ್ ಗಂಟೆಗೆ ¾ ಎಕರೆ ಉಳುತ್ತದೆ. 5½ ಎಕರೆ ಉಳಲು ಎಷ್ಟು ಹೊತ್ತು? ಉತ್ತರ: 7⅓ ಗಂಟೆ, ಅಂದರೆ 7 ಗಂಟೆ 20 ನಿಮಿಷ. ಇಲ್ಲಿ ಭಿನ್ನಭಾಗವನ್ನು ಬಿಡುವಂತೆಯೂ ಇಲ್ಲ, ಏರಿಸುವಂತೆಯೂ ಇಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವವರಿಗೆ ಆ 20 ನಿಮಿಷವೂ ಮುಖ್ಯ.

4. ಮೊದಲನೆಯ ಲೆಕ್ಕದಲ್ಲಿ ಏಳು ರವಿಕೆ ಹೊಲಿದ ಮೇಲೆ ಉಳಿಯುವ ಬಟ್ಟೆ ಎಷ್ಟು? ಉತ್ತರ: ¼ ಮೀಟರ್. ಭಾಗಲಬ್ಧದ ಭಿನ್ನಭಾಗವನ್ನು ಭಾಜಕದಿಂದ ಗುಣಿಸಬೇಕು (⅓ × ¾ = ¼), ಇಲ್ಲವೇ ಬಳಸಿದ್ದನ್ನು ಕಳೆಯಬೇಕು (5½ − 5¼ = ¼).

ನಾಲ್ಕೂ ಲೆಕ್ಕಗಳಲ್ಲಿ ಹಲಗೆಯ ಮೇಲಿನ ಭಾಗಾಕಾರ ಒಂದೇ. ಉತ್ತರಗಳು ಮಾತ್ರ 7, 8, 7⅓, ¼. ಸಂಖ್ಯೆ ಬದಲಾಗದ ಕಾರಣ ಮಕ್ಕಳ ಗಮನ ಲೆಕ್ಕ ಮಾಡುವುದರಿಂದ ಸರಿದು ಅರ್ಥದ ಕಡೆ ಹೋಗುತ್ತದೆ. ನಾವು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ಮಾಡುತ್ತೇವೆ: ಸಂದರ್ಭ ಒಂದೇ ಇಟ್ಟು ಸಂಖ್ಯೆಗಳನ್ನು ಬದಲಿಸಿ ಹತ್ತು ಲೆಕ್ಕ ಕೊಡುತ್ತೇವೆ.

ಮಿಶ್ರ ಭಿನ್ನರಾಶಿಯಲ್ಲಿ ಎಡವುವ ಎರಡು ಕಡೆ

ಮೊದಲನೆಯದು ವ್ಯುತ್ಕ್ರಮ ಬರೆಯುವಾಗ. 2½ ರ ವ್ಯುತ್ಕ್ರಮ ಬರೆಯಿರಿ ಎಂದರೆ ಕೆಲವು ಮಕ್ಕಳು 2ನ್ನು ಹಾಗೆಯೇ ಇಟ್ಟು ½ ಅನ್ನು ಮಾತ್ರ ತಿರುಗಿಸುತ್ತಾರೆ. ‘ಎರಡೂವರೆ ಎಂದರೆ ಎಷ್ಟು ಅರ್ಧಗಳು?’ ಎಂದು ಕೇಳಿ. ಐದು ಅರ್ಧಗಳು, 5/2 ಎಂದು ಹೇಳಿದ ಮೇಲೆ 2/5 ತಾನಾಗಿ ಬರುತ್ತದೆ.

ಎರಡನೆಯದು ಬಿಡಿಸಿ ಭಾಗಿಸುವಾಗ. ಭಾಜ್ಯವನ್ನು ಬಿಡಿಸಬಹುದು: 5 ÷ ¾ = 6⅔, ½ ÷ ¾ = ⅔, ಕೂಡಿದರೆ 7⅓. ಇದನ್ನು ಕಂಡ ಮಗು ಭಾಜಕವನ್ನೂ ಹಾಗೆಯೇ ಬಿಡಿಸಲು ಹೋಗುತ್ತದೆ. 6 ÷ 1½ ಅನ್ನು 6 ÷ 1 ಮತ್ತು 6 ÷ ½ ಎಂದು ಬಿಡಿಸಿ ಕೂಡಿದರೆ 18 ಬರುತ್ತದೆ. ಆರು ಲೀಟರ್ ಹಾಲನ್ನು ಒಂದೂವರೆ ಲೀಟರಿನ ಪಾತ್ರೆಗಳಿಗೆ ತುಂಬಿದರೆ ಹದಿನೆಂಟು ಪಾತ್ರೆ ತುಂಬುವುದು ಸಾಧ್ಯವೇ? ಒಂದು ಲೀಟರಿನ ಪಾತ್ರೆಯಾದರೂ ಆರೇ ತುಂಬುತ್ತವೆ. ನಿಜವಾದ ಉತ್ತರ 4. ಇಂಥ ತಪ್ಪನ್ನು ಹಿಡಿಯುವುದು ಅಂದಾಜು. ¾ ಒಂದಕ್ಕಿಂತ ಕಡಿಮೆ, ಆದ್ದರಿಂದ ರವಿಕೆಗಳು 5½ ಕ್ಕಿಂತ ಹೆಚ್ಚು. ¾ ಅರ್ಧಕ್ಕಿಂತ ಹೆಚ್ಚು, ಆದ್ದರಿಂದ 11ಕ್ಕಿಂತ ಕಡಿಮೆ. ಇಷ್ಟನ್ನು ಮೊದಲೇ ಹೇಳಿಸಿದರೆ ‘ಭಾಗಿಸಿದರೆ ಉತ್ತರ ಚಿಕ್ಕದಾಗಲೇಬೇಕು’ ಎಂಬ ನಂಬಿಕೆಯೂ ಸಡಿಲವಾಗುತ್ತದೆ.

ಲೆಕ್ಕ ರಚಿಸಲು ಬರುತ್ತದೆಯೇ?

ಲಿಪಿಂಗ್ ಮಾ ಎಂಬ ಗಣಿತ ಶಿಕ್ಷಣ ಸಂಶೋಧಕಿ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಮೆರಿಕ ಮತ್ತು ಚೀನಾದ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಕೇಳಿದ ಒಂದು ಪ್ರಶ್ನೆ ಇದೆ: 1¾ ÷ ½ ಅನ್ನು ಬಿಡಿಸಿ, ಅದಕ್ಕೆ ಸರಿಹೊಂದುವ ಒಂದು ಲೆಕ್ಕವನ್ನು ರಚಿಸಿ. ಅಮೆರಿಕದ 23 ಶಿಕ್ಷಕರಲ್ಲಿ ಅರ್ಥ ಸರಿಯಿರುವ ಲೆಕ್ಕ ರಚಿಸಿದವರು ಒಬ್ಬರು ಮಾತ್ರ. ಚೀನಾದ 72 ಶಿಕ್ಷಕರಲ್ಲಿ 65 ಮಂದಿ ರಚಿಸಿದರು. ಅಮೆರಿಕದ ಶಿಕ್ಷಕರಲ್ಲಿ ಹೆಚ್ಚಾಗಿ ಕಂಡ ತಪ್ಪು ½ ರಿಂದ ಭಾಗಿಸುವ ಬದಲು 2ರಿಂದ ಭಾಗಿಸುವ ಕಥೆ ಹೇಳಿದ್ದು.

ಓದುವಾಗ ಇದು ಬೇರೆಯವರ ಕಥೆ ಎಂದುಕೊಂಡಿದ್ದೆ. ಆ ಬಸ್ಸಿನ ಪ್ರಯಾಣದ ನಂತರ ನಮ್ಮ ಕಾಲೇಜಿನ ತರಗತಿಯಲ್ಲಿ ಇದೇ ಪ್ರಶ್ನೆ ಕೊಟ್ಟೆ. 3½ ಎಂಬ ಉತ್ತರ ಬಹುತೇಕ ಎಲ್ಲರಿಗೂ ಬಂತು. ಲೆಕ್ಕ ರಚಿಸುವಾಗ ಮೂರು ಬಗೆ ಕಂಡವು.

‘1¾ ಲೀಟರ್ ಹಾಲನ್ನು ಇಬ್ಬರಿಗೆ ಸಮನಾಗಿ ಹಂಚಿದರೆ ತಲಾ ಎಷ್ಟು?’ ಇದು 1¾ ÷ 2. ಉತ್ತರ 7/8.

‘1¾ ಲೀಟರ್ ಹಾಲಿನಲ್ಲಿ ಅರ್ಧ ಭಾಗ ಮಾರಿದರೆ ಮಾರಿದ ಹಾಲೆಷ್ಟು?’ ಇದು 1¾ × ½. ಉತ್ತರ ಮತ್ತೆ 7/8.

‘1¾ ಲೀಟರ್ ಹಾಲನ್ನು ಅರ್ಧ ಲೀಟರಿನ ಪ್ಯಾಕೆಟ್ಟುಗಳಲ್ಲಿ ತುಂಬಿದರೆ ಎಷ್ಟು ಪ್ಯಾಕೆಟ್?’ ಇದು ಸರಿ. ಮೂರು ಪ್ಯಾಕೆಟ್, ಮತ್ತೊಂದು ಪ್ಯಾಕೆಟ್ಟಿನ ಅರ್ಧ. ಉಳಿದ ಹಾಲು ಅರ್ಧ ಲೀಟರ್ ಅಲ್ಲ, ಕಾಲು ಲೀಟರ್. ನಮ್ಮ ರವಿಕೆಯ ಗೊಂದಲವೇ ಇಲ್ಲೂ ಕಾದಿರುತ್ತದೆ.

‘ಒಂದಕ್ಕೆ ಎಷ್ಟು’ ಎಂಬ ಬಗೆಯ ಲೆಕ್ಕವನ್ನು ಒಬ್ಬರೂ ಬರೆದಿರಲಿಲ್ಲ. ಚರ್ಚೆಯ ನಂತರ ಒಬ್ಬರು ಹೀಗೆ ರಚಿಸಿದರು: ‘1¾ ಲೀಟರ್ ಹಾಲು ಹಾಕಿದಾಗ ಕ್ಯಾನು ಅರ್ಧ ತುಂಬಿತು. ಪೂರ್ತಿ ತುಂಬಲು ಒಟ್ಟು ಎಷ್ಟು ಹಾಲು ಬೇಕು?’ ಉತ್ತರ 3½ ಲೀಟರ್. ಇಲ್ಲಿ ½ ಲೀಟರ್ ಅಲ್ಲ, ಕ್ಯಾನಿನ ಅರ್ಧ ಎಂಬುದನ್ನು ಗಮನಿಸಿ.

ಪಾಠಯೋಜನೆಗೆ ಕೆಲವು ಸೂಚನೆಗಳು

ಈ ಅನುಭವದಿಂದ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನಾನು ಈಗ ಹೇಳುತ್ತಿರುವುದು ಇಷ್ಟು:

1. ಲೆಕ್ಕ ಬಿಡಿಸುವ ಮೊದಲು ‘ಎಷ್ಟು ಸಲ’ ಅಥವಾ ‘ಒಂದಕ್ಕೆ ಎಷ್ಟು’ ಎಂದು ಮಕ್ಕಳಿಂದ ಹೇಳಿಸಿ. ಅಂದಾಜು ಉತ್ತರವನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ.

2. ಭಾಜ್ಯ, ಭಾಜಕ, ಭಾಗಲಬ್ಧ ಮೂರರ ಮುಂದೆಯೂ ಏಕಮಾನ ಬರೆಸಿ. 7⅓ ಎಂದು ಬರೆದು ನಿಲ್ಲಿಸಬೇಡಿ, ‘7⅓ ರವಿಕೆ’ ಎಂದು ಬರೆಯಿರಿ. ನಾವು ಇಷ್ಟು ಮಾಡಿದ್ದರೂ ಅಂದಿನ ತಪ್ಪು ಆಗುತ್ತಿರಲಿಲ್ಲ.

3. ಕನಿಷ್ಠ ಒಂದು ಲೆಕ್ಕವನ್ನು ಪಟ್ಟಿಯ ಮೇಲೆ ಮಾಡಿಸಿ. ಗಣಿತದ ಚೌಕಳಿ ಪುಸ್ತಕದಲ್ಲಿ ನಾಲ್ಕು ಚೌಕ ಒಂದು ಮೀಟರ್ ಎಂದಿಟ್ಟುಕೊಂಡರೆ 5½ ಮೀಟರ್ ಎಂದರೆ 22 ಚೌಕ. ಮೂರು ಮೂರು ಚೌಕಕ್ಕೆ ಗೆರೆ ಎಳೆದರೆ ಏಳು ಕಟ್ಟುಗಳೂ ಉಳಿದ ಒಂದು ಚೌಕವೂ ಕಣ್ಣಿಗೆ ಕಾಣುತ್ತವೆ.

4. ತಿರುಗಿಸಿ ಗುಣಿಸುವ ವಿಧಾನದ ಜೊತೆಗೆ ಛೇದ ಸಮ ಮಾಡುವ ವಿಧಾನವನ್ನೂ ಕಲಿಸಿ. ಉಳಿಕೆ ಕೇಳಿದಾಗ ಎರಡನೆಯದನ್ನೇ ಮೊದಲು ಬಳಸಿ.

5. ಮೌಲ್ಯಮಾಪನದಲ್ಲಿ ಬಿಡಿಸುವ ಲೆಕ್ಕಗಳ ಜೊತೆ ರಚಿಸುವ ಲೆಕ್ಕ ಒಂದಾದರೂ ಇರಲಿ.

6. ಮಗುವಿನ ಉತ್ತರ ಹಲಗೆಯ ಉತ್ತರಕ್ಕೆ ಹೊಂದದಿದ್ದಾಗ ‘ಹೇಗೆ ಬಂತು, ಹಲಗೆ ಮೇಲೆ ಮಾಡಿ ತೋರಿಸು’ ಎನ್ನಿ. ಐದು ನಿಮಿಷ ಹೋಗುತ್ತದೆ, ಹೋಗಲಿ. ನಲವತ್ತು ನಿಮಿಷದ ಪಾಠಕ್ಕೆ ಐದು ನಿಮಿಷ ಬಿಡುವಿಲ್ಲದಂತೆ ಯೋಜನೆ ತುಂಬಿಸಲು ನಾವು ಮಾರ್ಗದರ್ಶಕರೇ ಒತ್ತಾಯಿಸುತ್ತೇವೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಮರುಪಾಠ

ಎರಡು ದಿನಗಳ ನಂತರ ಅದೇ ತರಗತಿಗೆ ಮತ್ತೆ ಹೋದೆವು. ಪ್ರಶಿಕ್ಷಣಾರ್ಥಿಗೆ ಅಳುಕಿತ್ತು. ‘ತಪ್ಪು ಒಪ್ಪಿಕೊಂಡರೆ ಮಕ್ಕಳು ಮುಂದೆ ನನ್ನ ಮಾತು ಕೇಳ್ತಾರಾ ಸರ್? ಅಂಕ ಕಡಿಮೆ ಆಗುತ್ತಾ?’ ಎಂದು ದಾರಿಯಲ್ಲಿ ಕೇಳಿದರು. ತಲೆಯಾಡಿಸಿದ್ದು ನಾನಾದ್ದರಿಂದ ಮೊದಲು ನಾನೇ ಮಾತಾಡುತ್ತೇನೆ ಎಂದೆ. ಮಕ್ಕಳ ಮುಂದೆ ನಿಂತು, ಮೊನ್ನೆ ನಾವಿಬ್ಬರೂ ಒಂದು ತಪ್ಪು ಮಾಡಿದೆವು, ನಿಮ್ಮಲ್ಲೊಬ್ಬಳು ಸರಿಯಾಗಿ ಹೇಳಿದ್ದಳು, ಅವಳ ಲೆಕ್ಕವನ್ನು ಇಂದು ಎಲ್ಲರೂ ನೋಡೋಣ ಎಂದು ಹೇಳಿದೆ.

ಹುಡುಗಿ ನಾಚಿಕೊಂಡೇ ಹಲಗೆಯ ಬಳಿ ಬಂದಳು. ಪ್ರಶಿಕ್ಷಣಾರ್ಥಿ 22 ಚೌಕಗಳ ಪಟ್ಟಿ ಬರೆದುಕೊಟ್ಟರು. ಅವಳು ಮೂರು ಮೂರಕ್ಕೆ ಗೆರೆ ಎಳೆದು ಕೊನೆಯ ಚೌಕದ ಮೇಲೆ ಕೈ ಇಟ್ಟು ‘ಇದು ಕಾಲು ಮೀಟರ್’ ಎಂದಳು. ಆಮೇಲೆ ಸ್ವಲ್ಪ ಹೊತ್ತು ಪಟ್ಟಿಯನ್ನೇ ನೋಡಿ, ‘ಒಂದು ರವಿಕೆಗೆ ಮೂರು ಚೌಕ. ಅದರಲ್ಲಿ ಇದು ಒಂದು. ಹಾಗಾದ್ರೆ ಮಿಸ್ ಬರೆದ ಮೂರನೇ ಒಂದೂ ಇದೇ’ ಎಂದಳು. ‘ಒಂದು’ ಎಂದಿದ್ದ ಹುಡುಗ ತಾನೂ ಹೇಳಿದ್ದು ಅದೇ ಚೌಕವನ್ನು ಎಂದು ಸಾಧಿಸಿದ. ತರಗತಿ ನಕ್ಕಿತು, ಆದರೆ ಅವನ ಮಾತಿನಲ್ಲೂ ಅರ್ಥವಿತ್ತು.

ವೀಕ್ಷಣಾ ಪುಸ್ತಕದ ಆ ಪುಟವನ್ನು ನಾನು ಹರಿಯಲಿಲ್ಲ. ‘ವಿಷಯ ಪ್ರಭುತ್ವ ಉತ್ತಮ’ ಎಂಬುದರ ಕೆಳಗೆ ‘ಉಳಿಕೆಯ ಏಕಮಾನದಲ್ಲಿ ತಪ್ಪಾಗಿದೆ; ವೀಕ್ಷಕರೂ ಗಮನಿಸಲಿಲ್ಲ; ಮರುಪಾಠದಲ್ಲಿ ಸರಿಪಡಿಸಲಾಗಿದೆ’ ಎಂದು ಬರೆದು ದಿನಾಂಕದೊಂದಿಗೆ ಸಹಿ ಹಾಕಿದೆ. ಪ್ರಶಿಕ್ಷಣಾರ್ಥಿಯ ಅಂಕವನ್ನು ಕಡಿಮೆ ಮಾಡಲಿಲ್ಲ.

ಈ ಘಟಕವನ್ನು ಮುಂದಿನ ಅವಧಿಯಲ್ಲಿ ತೆಗೆದುಕೊಳ್ಳುವವರು 5½ ÷ ¾ ರ ನಾಲ್ಕು ಲೆಕ್ಕಗಳನ್ನು ತಮ್ಮ ತರಗತಿಯಲ್ಲಿ ಮಾಡಿಸಿ ನೋಡಿ. ಉಳಿಕೆಗೆ ಮಕ್ಕಳು ಕೊಟ್ಟ ಉತ್ತರಗಳನ್ನು, ತಪ್ಪಿದ್ದರೆ ಅದು ಬಂದ ದಾರಿಯ ಸಮೇತ, ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಅವನ್ನು ಒಟ್ಟಿಗೆ ಇಟ್ಟು ಚರ್ಚಿಸೋಣ.